ಚಿತ್ರದ ಗಂಟೆ

ಶಾಲೆಯ ವೇಳಾಪಟ್ಟಿಯನ್ನು ಬರೆಯುವವರು ಮೊದಲು ಗಣಿತಕ್ಕೆ ಸ್ಥಳ ಕಲ್ಪಿಸುತ್ತಾರೆ. ಅನಂತರ ಭಾಷೆಗಳಿಗೆ, ವಿಜ್ಞಾನಕ್ಕೆ, ಸಮಾಜಶಾಸ್ತ್ರಕ್ಕೆ. ಹೀಗೆ ಗಣ್ಯರೆಲ್ಲರೂ ತಮ್ಮ ತಮ್ಮ ಪೀಠಗಳಲ್ಲಿ ಕುಳಿತಾದ ಮೇಲೆ ಕಾಗದದ ಮೂಲೆಯಲ್ಲಿ ಒಂದು ಚೌಕ ಖಾಲಿ ಉಳಿದಿದ್ದರೆ ಅದು ಚಿತ್ರಕಲೆಯ ಪಾಲಿಗೆ ಬರುತ್ತದೆ. ಬಹುಮಟ್ಟಿಗೆ ಅದು ಮಧ್ಯಾಹ್ನದ ಕೊನೆಯ ಗಂಟೆ. ಮಕ್ಕಳ ಕಣ್ಣು ಕಿಟಕಿಯಾಚೆಗೂ ಉಪಾಧ್ಯಾಯರ ಕಣ್ಣು ಗಡಿಯಾರದ ಕಡೆಗೂ ತಿರುಗಿರುವ ಹೊತ್ತು. ಗಣಿತದ ಪಾಠ ಹಿಂದೆ ಬಿದ್ದಾಗ ಕಡ ಕೇಳುವುದೂ ಆ ಗಂಟೆಯನ್ನೇ. ಹಾಗೆ ಕಡ ಕೊಟ್ಟ ಗಂಟೆ ಹಿಂದಿರುಗಿ ಬಂದುದನ್ನು ಕಂಡವರು ವಿರಳ.

ಆ ಗಂಟೆಯಲ್ಲಿ ನಡೆಯುವುದಾದರೂ ಏನು? ಉಪಾಧ್ಯಾಯರು ಕರಿಹಲಗೆಯ ಮೇಲೆ ಒಂದು ಮಾವಿನ ಹಣ್ಣನ್ನೋ ಹೂಜಿಯನ್ನೋ ಬರೆಯುತ್ತಾರೆ. ಮಕ್ಕಳು ಅದನ್ನು ನೋಡಿ ಬರೆಯುತ್ತಾರೆ. 'ನಿಮಗೆ ತೋಚಿದ್ದನ್ನು ಬರೆಯಿರಿ' ಎಂದರೋ, ತರಗತಿಯ ಮುಕ್ಕಾಲು ಪಾಲಿಗೆ ತೋಚುವುದು ಒಂದೇ: ಎರಡು ತ್ರಿಕೋನಾಕಾರದ ಬೆಟ್ಟಗಳು, ಅವುಗಳ ನಡುವೆ ಕಡ್ಡಿಕಡ್ಡಿಯಾಗಿ ಕಿರಣ ಚಾಚಿದ ಸೂರ್ಯ, ಅವನ ಕಾಲಬುಡದಿಂದಲೇ ಹೊರಟು ಬರುವ ಹೊಳೆ, ದಡದಲ್ಲಿ ಒಂದು ಗುಡಿಸಲು, ಪಕ್ಕದಲ್ಲಿ ಬಾಗಿದ ಒಂದು ತೆಂಗಿನ ಮರ. ಈ ದೃಶ್ಯವನ್ನು ಮೊತ್ತಮೊದಲು ಯಾರು, ಎಲ್ಲಿ ನಿಂತು ಕಂಡರೋ ದೇವರೇ ಬಲ್ಲ. ಬೀದರಿನ ಮಗುವೂ ಅದನ್ನೇ ಬರೆಯುತ್ತದೆ, ಉಡುಪಿಯ ಮಗುವೂ ಅದನ್ನೇ ಬರೆಯುತ್ತದೆ. ಸಹ್ಯಾದ್ರಿಯ ಮಡಿಲಲ್ಲೇ ಹುಟ್ಟಿ, ಆಷಾಢದಲ್ಲಿ ಹದಿನೈದು ದಿನ ಸೂರ್ಯನ ಮುಖವನ್ನೇ ನೋಡದ ಮಲೆನಾಡಿನ ಮಗುವೂ ತನ್ನ ಮನೆಯ ಹಿಂದಿನ ಗುಡ್ಡಕ್ಕೆ ಬೆನ್ನುಮಾಡಿ ಕುಳಿತು ಆ ತ್ರಿಕೋನಗಳನ್ನು ನಿಷ್ಠೆಯಿಂದ ಬರೆಯುತ್ತದೆ.

ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ, ಈಗ್ಗೆ ಬಹಳ ವರ್ಷಗಳ ಹಿಂದೆ, ಬಯಲುಸೀಮೆಯ ಕಡೆಯಿಂದ ಒಬ್ಬ ಮೇಷ್ಟರು ವರ್ಗವಾಗಿ ಬಂದರು. ಅವರು ಕನ್ನಡ ಪಾಠಕ್ಕೆಂದು ಬಂದವರು; ಆದರೆ ಚಿತ್ರಕಲೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆಂದು ತಿಳಿದ ಮುಖ್ಯೋಪಾಧ್ಯಾಯರು ನಾಲ್ಕು ಮತ್ತು ಐದನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿ, ಗುರುವಾರದ ಕೊನೆಯ ಗಂಟೆಯನ್ನು ಅವರಿಗೆ ಒಪ್ಪಿಸಿದರು. ಒಟ್ಟು ಐವತ್ತೆರಡು ಮಕ್ಕಳು, ನಲವತ್ತು ನಿಮಿಷಗಳು. ಮೇಷ್ಟರು ಉತ್ಸಾಹಿಗಳು. ಮೊದಲ ದಿನವೇ ಕರಿಹಲಗೆಯ ಮೇಲೆ ದುಂಡಾದ ಅಕ್ಷರಗಳಲ್ಲಿ ಒಂದು ಪಟ್ಟಿಯನ್ನು ಬರೆದರು: ಡ್ರಾಯಿಂಗ್ ಪುಸ್ತಕ ಒಂದು, ಹನ್ನೆರಡು ಬಣ್ಣದ ಕ್ರೇಯಾನ್ ಪೆಟ್ಟಿಗೆ ಒಂದು, ಕುಂಚ ಎರಡು, ಒಳ್ಳೆಯ ರಬ್ಬರು ಒಂದು. ಮುಂದಿನ ಗುರುವಾರ ಎಲ್ಲರೂ ಇವನ್ನು ತರತಕ್ಕದ್ದು.

ಮುಂದಿನ ಗುರುವಾರ ಪಟ್ಟಿಯಂತೆ ಎಲ್ಲವನ್ನೂ ತಂದವರು ಹನ್ನೊಂದು ಮಂದಿ. ಅದರ ಮುಂದಿನ ಗುರುವಾರ ಹತ್ತೊಂಬತ್ತು. ತಾರದವರನ್ನು ಮೇಷ್ಟರು ಗದರಿಸಲಿಲ್ಲ. ಅವರು ಗದರಿಸುವ ಸ್ವಭಾವದವರೇ ಅಲ್ಲ. 'ಪರವಾಗಿಲ್ಲ, ಬರುವ ವಾರ ತನ್ನಿ' ಎಂದು ನಗುನಗುತ್ತಲೇ ಹೇಳಿ, ತಾರದವರನ್ನು ಗೋಡೆಯ ಪಕ್ಕದ ಸಾಲಿನಲ್ಲಿ ಕೂರಿಸಿ, ಸ್ಲೇಟಿನ ಮೇಲೆ ಬರೆಯಿರೆಂದರು. ಗದರಿಕೆಗಿಂತ ನಗು ಹೆಚ್ಚು ನೋಯಿಸಬಲ್ಲುದೆಂಬುದು ಅವರಿಗೆ ಆಗ ಹೊಳೆಯಲಿಲ್ಲ. ಕ್ರಮೇಣ ಗುರುವಾರ ಮಧ್ಯಾಹ್ನಗಳಲ್ಲಿ ಗೋಡೆಯ ಪಕ್ಕದ ಸಾಲು ತೆಳುವಾಗತೊಡಗಿತು. ಹಾಜರಿ ಪುಸ್ತಕವನ್ನು ಬೆಳಗ್ಗೆಯೇ ಬರೆದು ಮುಗಿಸುತ್ತಿದ್ದುದರಿಂದ ಈ ಸಂಗತಿ ಯಾವ ಲೆಕ್ಕಕ್ಕೂ ಸಿಕ್ಕಲಿಲ್ಲ.

ಆಗಸ್ಟ್ ತಿಂಗಳ ಒಂದು ಗುರುವಾರ, ಗಣಿತದ ಉಪಾಧ್ಯಾಯರು ಎಂದಿನಂತೆ ಚಿತ್ರದ ಗಂಟೆಯನ್ನು ಕಡ ಪಡೆದಿದ್ದರು. ಬಿಡುವಾದ ಮೇಷ್ಟರು ಅಂಚೆಯ ಕೆಲಸಕ್ಕೆಂದು ಕೆರೆಯ ಏರಿಯ ಮೇಲೆ ನಡೆದು ಹೋಗುತ್ತಿದ್ದರು. ಮಳೆ ಹೊಳವಾಗಿತ್ತು. ತೂಬಿನ ಬಳಿ, ಕಂಬಳಿ ಕೊಪ್ಪೆಯನ್ನು ಪಕ್ಕಕ್ಕೆ ಸರಿಸಿಟ್ಟು, ನಾಲ್ಕನೆಯ ತರಗತಿಯ ಒಬ್ಬ ಹುಡುಗ ಕುಳಿತಿದ್ದ. ತೂಬಿನ ಕಲ್ಲಿನ ಮೇಲೆ ಜಂಬಿಟ್ಟಿಗೆಯ ಚೂರಿನಿಂದ ಗೀಚುತ್ತಿದ್ದ. ಮೇಷ್ಟರು ಹಿಂದೆ ಬಂದು ನಿಂತದ್ದು ಅವನಿಗೆ ತಿಳಿಯಲಿಲ್ಲ. ಕಲ್ಲಿನ ಮೇಲೆ ಎಮ್ಮೆಗಳು ಸಾಲಾಗಿ ನೀರಿಗಿಳಿಯುತ್ತಿದ್ದವು. ಮೊದಲನೆಯದಕ್ಕೆ ಬೆನ್ನು ಮತ್ತು ಕೊಂಬು ಮಾತ್ರ, ಎರಡನೆಯದಕ್ಕೆ ಹೊಟ್ಟೆಯವರೆಗೆ, ಮೂರನೆಯದು ಇನ್ನೂ ದಡದಲ್ಲಿ, ನಾಲ್ಕು ಕಾಲುಗಳ ಸಮೇತ. ಒಂದೇ ಎಮ್ಮೆ ಮೂರು ಹೆಜ್ಜೆಯಲ್ಲಿ ಮುಳುಗುತ್ತಿದೆಯೋ, ಮೂರು ಎಮ್ಮೆಗಳೋ ಹೇಳಬರುವಂತಿರಲಿಲ್ಲ.

'ಶಾಲೆಗೆ ಬರಲಿಲ್ಲವೇನೋ?'

ಹುಡುಗ ಎದ್ದು ನಿಂತ. ಕೈಯಲ್ಲಿದ್ದ ಚೂರನ್ನು ಬೆನ್ನ ಹಿಂದೆ ಅಡಗಿಸಿದ. 'ಬಣ್ಣದ ಪೆಟ್ಟಿಗೆ ಇಲ್ಲ ಸಾರ್' ಎಂದ.

ಮೇಷ್ಟರು ಅಂಚೆಯ ಕಚೇರಿಗೆ ಹೋಗದೆ ಹಾಗೆಯೇ ಹಿಂದಿರುಗಿದರು. ಸಂಜೆ ಮತ್ತೆ ಮಳೆ ಹಿಡಿಯಿತು. ತೂಬಿನ ಕಲ್ಲನ್ನು ತೊಳೆದೇ ತೊಳೆದಿರಬೇಕು.

ಇದು ಅವರ ಮೊದಲ ವರ್ಷದ ಒಂದು ಸಂಗತಿ. ಇನ್ನೊಂದು ಇದಕ್ಕಿಂತ ಚಿಕ್ಕದು. ನೋಡಿದವರು ಅದನ್ನು ತಪ್ಪೆಂದೇ ಎಣಿಸುತ್ತಿರಲಿಲ್ಲ. ಅದೇ ನಾಲ್ಕನೆಯ ತರಗತಿಯಲ್ಲಿ ದೀವರ ಮನೆಯ ಒಬ್ಬ ಹುಡುಗಿ ಇದ್ದಳು. ಪಟ್ಟಿಯಂತೆ ಎಲ್ಲವನ್ನೂ ತಂದ ಹನ್ನೊಂದು ಮಂದಿಯಲ್ಲಿ ಅವಳೂ ಒಬ್ಬಳು. ಮನೆಯ ಚಿತ್ರವನ್ನು ಬರೆಯಿರೆಂದಾಗ ಅವಳು ಮನೆಯನ್ನು ಬರೆದು, ಅದರ ಗೋಡೆಯೊಳಗೇ ಒಲೆ, ಒಲೆಯ ಮುಂದೆ ಅಜ್ಜಿ, ಕೊಟ್ಟಿಗೆಯಲ್ಲಿ ದನ, ದನದ ಹೊಟ್ಟೆಯಲ್ಲಿ ಕರು, ಎಲ್ಲವನ್ನೂ ಕಾಣುವಂತೆ ಬರೆದಳು. ಅಜ್ಜಿಯು ಮನೆಗಿಂತ ಸ್ವಲ್ಪ ಎತ್ತರವಾಗಿದ್ದಳು. ಮೇಷ್ಟರು ಬಹು ವಾತ್ಸಲ್ಯದಿಂದ ಅವಳ ಪಕ್ಕದಲ್ಲಿ ಕುಳಿತು, 'ಗೋಡೆಯ ಆಚೆ ಇರುವುದು ಕಾಣುತ್ತದೆಯೇನಮ್ಮ?' ಎಂದು ಕೇಳಿ, ರಬ್ಬರಿನಿಂದ ಅಜ್ಜಿಯನ್ನೂ ಒಲೆಯನ್ನೂ ದನಕರುಗಳನ್ನೂ ಅಳಿಸಿ, ಒಂದು ಬಾಗಿಲು ಎರಡು ಕಿಟಕಿಗಳಿರುವ ಅಚ್ಚುಕಟ್ಟಾದ ಮನೆಯನ್ನು ಬರೆದುಕೊಟ್ಟರು. ಹುಡುಗಿ ತಲೆಯಾಡಿಸಿದಳು. ಆ ವರ್ಷದ ಉಳಿದ ಗುರುವಾರಗಳಲ್ಲೆಲ್ಲ ಅವಳು ಮತ್ತೇನನ್ನೂ ಬರೆಯಲಿಲ್ಲ. ಮೇಷ್ಟರು ಬರೆದುಕೊಟ್ಟ ಮನೆಯನ್ನೇ, ಒಂದು ಬಾಗಿಲು ಎರಡು ಕಿಟಕಿಗಳ ಸಮೇತ, ಪುಟದ ಮೇಲೆ ಪುಟ ಬರೆಯುತ್ತ ಹೋದಳು. ಮಾರ್ಚ್ ತಿಂಗಳಲ್ಲಿ ಪುಸ್ತಕಗಳನ್ನು ತಿದ್ದುವಾಗ ಅಂಥ ಇಪ್ಪತ್ತಮೂರು ಮನೆಗಳನ್ನು ಮೇಷ್ಟರು ಎಣಿಸಿದರು. ಒಂದರಲ್ಲಿಯೂ ಯಾರೂ ವಾಸವಾಗಿರಲಿಲ್ಲ.

ಮಕ್ಕಳು ಕಂಡದ್ದನ್ನು ಬರೆಯುವುದಿಲ್ಲ, ಬಲ್ಲುದನ್ನು ಬರೆಯುತ್ತಾರೆ. ಗೋಡೆಯ ಆಚೆ ಅಜ್ಜಿ ಇರುವುದು ಮಗುವಿಗೆ ಗೊತ್ತು. ಆದುದರಿಂದ ಅಜ್ಜಿ ಚಿತ್ರದಲ್ಲಿ ಇರಲೇಬೇಕು. ಮನೆಯಲ್ಲಿ ಎಲ್ಲರಿಗಿಂತ ಮುಖ್ಯಳಾದವಳು ಅಳತೆಯಲ್ಲೂ ಎಲ್ಲರಿಗಿಂತ ದೊಡ್ಡವಳಾಗಬೇಕು. ಮಕ್ಕಳ ಚಿತ್ರಗಳನ್ನು ಅಭ್ಯಾಸಮಾಡಿದ ವಿದ್ವಾಂಸರು ಇದನ್ನು ದೋಷವೆಂದು ಎಣಿಸದೆ ಬೆಳವಣಿಗೆಯ ಒಂದು ಮೆಟ್ಟಿಲೆಂದು ಗುರುತಿಸಿದ್ದಾರೆ. ಕಾಲ ಬಂದಾಗ ಮಗು ತಾನಾಗಿಯೇ ಆ ಮೆಟ್ಟಿಲನ್ನು ದಾಟುತ್ತದೆ. ಎತ್ತಿ ದಾಟಿಸಹೋದರೆ ಕಾಲು ಉಳುಕುತ್ತದೆ. ವಿಯೆನ್ನಾ ನಗರದಲ್ಲಿ 1897ರಲ್ಲಿಯೇ ಫ್ರಾಂಜ್ ಚಿಜೆಕ್ ಎಂಬ ಉಪಾಧ್ಯಾಯರು ಮಕ್ಕಳಿಗಾಗಿ ಒಂದು ಚಿತ್ರಶಾಲೆಯನ್ನು ತೆರೆದು, ನೋಡಿ ಬರೆಯುವ ಪದ್ಧತಿಯನ್ನು ಬಿಟ್ಟು, ಮಕ್ಕಳು ತಮ್ಮ ಮನಸ್ಸಿನಿಂದಲೇ ಬರೆಯಲು ಅವಕಾಶ ಮಾಡಿಕೊಟ್ಟಿದ್ದರು. ಶಾಂತಿನಿಕೇತನದ ಕಲಾಭವನದಲ್ಲಿ ಕಲಿತ ದೇವಿಪ್ರಸಾದರು 1944ರಲ್ಲಿ ಗಾಂಧೀಜಿಯವರ ಸೇವಾಗ್ರಾಮಕ್ಕೆ ಬಂದು ಹದಿನೆಂಟು ವರ್ಷ ಅಲ್ಲಿನ ಹಳ್ಳಿಯ ಮಕ್ಕಳೊಡನೆ ಈ ಕೆಲಸವನ್ನೇ ಮಾಡಿದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ಚಿತ್ರಗಳ ಮೂಲಕ ಮಕ್ಕಳನ್ನು ಬೆಳೆಸುವ ಪ್ರಯೋಗ ನಡೆಸಿದ್ದು ಕನ್ನಡಿಗರಿಗೆ ತಿಳಿದೇ ಇದೆ. ಕಲೆಯನ್ನು ಉಳಿದ ಪಾಠಗಳೊಡನೆ ಬೆರೆಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿತು. ವೇಳಾಪಟ್ಟಿಯ ಮೂಲೆಯ ಚೌಕ ಮಾತ್ರ ಬಹಳ ಕಡೆ ಮೂಲೆಯಲ್ಲಿಯೇ ಇದೆ.

ಮೇಷ್ಟರು ಇಷ್ಟೆಲ್ಲ ಓದಿಕೊಂಡವರಲ್ಲ. ಅವರ ಮುಂದೆ ಇದ್ದುದು ಕಲ್ಲಿನ ಮೇಲಿನ ಮೂರು ಎಮ್ಮೆಗಳು ಮತ್ತು ಇಪ್ಪತ್ತಮೂರು ಬರಿದಾದ ಮನೆಗಳು. ಬೇಸಗೆಯ ರಜೆಯಲ್ಲಿ ಊರಿಗೆ ಹೋದವರು ಒಂದು ಹಳೆಯ ದಿನಚರಿ ಪುಸ್ತಕವನ್ನು ತೆಗೆದುಕೊಂಡು ಮುಂದಿನ ವರ್ಷದ ಚಿತ್ರದ ಗಂಟೆಗಳನ್ನು ಮೊದಲಿನಿಂದ ಯೋಚಿಸತೊಡಗಿದರು. ಮೊದಲ ಪುಟದಲ್ಲಿ ಒಂದೇ ಒಂದು ನಿಯಮವನ್ನು ಬರೆದುಕೊಂಡರು: ಅಂಗಡಿಯಿಂದ ಕೊಂಡು ತರಬೇಕಾದ ಯಾವ ವಸ್ತುವೂ ಪಟ್ಟಿಯಲ್ಲಿ ಇರಕೂಡದು.

ನಿಯಮ ಬರೆಯುವುದು ಸುಲಭ. ಅದರಂತೆ ಐವತ್ತೆರಡು ಮಕ್ಕಳಿಗೆ ಒಂದು ವರ್ಷಕ್ಕಾಗುವಷ್ಟು ಕೆಲಸವನ್ನು ಹೊಂದಿಸುವುದು ಅಷ್ಟು ಸುಲಭವಲ್ಲ. ಮುಖ್ಯವಾಗಿ ಮಲೆನಾಡಿನಲ್ಲಿ ಯೋಜನೆ ಹಾಕುವವನು ಮಳೆಯನ್ನು ಕೇಳಿ ಹಾಕಬೇಕು. ಜೂನಿನಿಂದ ಆಗಸ್ಟಿನವರೆಗೆ ಅಲ್ಲಿ ಯಾವುದೂ ಒಣಗುವುದಿಲ್ಲ. ಅಂಟು ಹಚ್ಚಿದ ಕಾಗದ ಅಂಟಿಕೊಳ್ಳುವ ಮೊದಲೇ ಬೂಸಲು ಹಿಡಿಯುತ್ತದೆ. ಬಣ್ಣ ಹಚ್ಚಿದ ಹಾಳೆಯನ್ನು ಪಕ್ಕದ ಹಾಳೆಯ ಮೇಲಿಟ್ಟರೆ ಎರಡೂ ಒಂದಾಗುತ್ತವೆ. ಆದುದರಿಂದ ಆ ಮೂರು ತಿಂಗಳು ಒಣ ಕೆಲಸ. ಇದ್ದಿಲು ಮತ್ತು ಎಲೆ. ಮುಚ್ಚಳದಲ್ಲಿ ಸಣ್ಣ ತೂತಿರುವ ಡಬ್ಬಿಯೊಂದರಲ್ಲಿ ತೆಳುವಾದ ಕಡ್ಡಿಗಳನ್ನು ಒತ್ತಾಗಿ ತುಂಬಿ ಒಲೆಯ ಕೆಂಡದ ನಡುವೆ ಇಟ್ಟರೆ, ಗಾಳಿಯಾಡದ ಕಾರಣ ಕಡ್ಡಿಗಳು ಉರಿದು ಬೂದಿಯಾಗದೆ ಇಡಿಯಾಗಿ ಕರಿಯಾಗುತ್ತವೆ. ಅಂಗಡಿಯ ಪೆನ್ಸಿಲಿಗೆ ಇಲ್ಲದ ಕಪ್ಪು ಅವುಗಳದು. ಅವುಗಳಿಂದ ಬರೆದ ಚಿತ್ರ ಕೈಗೆ ಅಂಟದಂತೆ ಅನ್ನದ ಗಂಜಿಯ ತಿಳಿಯನ್ನು ಮೇಲೆ ನವುರಾಗಿ ಚಿಮುಕಿಸಿದರಾಯಿತು.

ಎಲೆಯ ಕೆಲಸ ಇನ್ನೂ ಸುಲಭ. ಹಲಸಿನ ಎಲೆಯನ್ನು ಬೆನ್ನು ಮೇಲಾಗಿ ಇಟ್ಟು, ಮೇಲೆ ಕಾಗದ ಹಾಸಿ, ಇದ್ದಿಲಿನ ಅಡ್ಡ ಮೈಯಿಂದ ಉಜ್ಜಿದರೆ ನರಗಳೆಲ್ಲ ಒಂದೊಂದಾಗಿ ಎದ್ದು ಬರುತ್ತವೆ. ಬೆನ್ನು ಮೇಲಾಗಿ ಇಡಬೇಕೆಂಬುದು ಮುಖ್ಯ. ಹೊಟ್ಟೆಯ ಕಡೆ ನುಣುಪು, ಅಲ್ಲಿ ಏನೂ ಸಿಕ್ಕದು. ತೋಡಿನ ಬದಿಗಳಲ್ಲಿ ಅಡಿಯೆಲ್ಲ ಬಿಳಿಯ ಪುಡಿ ಬಳಿದುಕೊಂಡಿರುವ ಒಂದು ಜರೀಗಿಡವಿದೆ. ಮಕ್ಕಳು ಅದನ್ನು ತೋಳಿನ ಮೇಲೆ ಒತ್ತಿಕೊಂಡು ಹಚ್ಚೆಯೆಂದು ಆಡುತ್ತಾರೆ. ಅದನ್ನೇ ಇದ್ದಿಲು ಬಳಿದ ಕರಿಯ ಕಾಗದದ ಮೇಲೆ ಒತ್ತಿದರೆ ಬೆಳ್ಳಿಯ ಅಚ್ಚು ಬೀಳುತ್ತದೆ. ಈ ಉಪಾಯವನ್ನು ಮೇಷ್ಟರಿಗೆ ಹೇಳಿಕೊಟ್ಟವನು ತೂಬಿನ ಬಳಿಯ ಹುಡುಗನೇ. ಬಯಲುಸೀಮೆಯ ಅವರಿಗೆ ಆ ಗಿಡದ ಪರಿಚಯವೇ ಇರಲಿಲ್ಲ.

ಚೌತಿಯ ಹೊತ್ತಿಗೆ ಜೇಡಿಮಣ್ಣು. ಊರಿನಲ್ಲಿ ಗಣಪತಿಯನ್ನು ಮಾಡುವ ಮನೆಯಿಂದ ಹದಗೊಳಿಸಿದ ಮಣ್ಣಿನ ಮುದ್ದೆಗಳು ಶಾಲೆಗೆ ಬಂದವು. ಮಕ್ಕಳು ಮಾಡಿದ ಎತ್ತುಗಳಿಗೆ ಮೊದಲ ವಾರವೇ ಕಾಲು ಮುರಿದವು. ತೆಳುಗಾಲಿನ ಎತ್ತನ್ನು ಮಣ್ಣು ಹೊರುವುದಿಲ್ಲ. ಮಲಗಿದ ಎತ್ತನ್ನು ಮಾಡಿದರೆ ಹೊರುತ್ತದೆ. ಇದನ್ನು ಮೇಷ್ಟರು ಮೊದಲೇ ಬಲ್ಲವರಾಗಿದ್ದರೂ ಹೇಳಲಿಲ್ಲ. ಎರಡನೆಯ ವಾರ ಎಲ್ಲ ಎತ್ತುಗಳೂ ಮಲಗಿದ್ದವು.

ಅಡುಗೆಮನೆಯ ತರಕಾರಿಗಳಿಂದ ಅಚ್ಚು ಒತ್ತುವ ಕೆಲಸವನ್ನು ಅನೇಕ ಶಾಲೆಗಳಲ್ಲಿ ಮಾಡಿಸುತ್ತಾರೆ. ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದರೆ ಐದು ಮೂಲೆಯ ನಕ್ಷತ್ರ, ಹಾಗಲಕಾಯಿಯಾದರೆ ಮುಳ್ಳುಮುಳ್ಳಿನ ಬಳೆ. ಆದರೆ ತಿನ್ನುವ ವಸ್ತುವನ್ನು ಮಣ್ಣಿನಲ್ಲಿ ಅದ್ದುವುದನ್ನು ಹಳ್ಳಿಯ ತಾಯಂದಿರು ಒಪ್ಪಲಾರರು, ಒಪ್ಪಲೂಬಾರದು. ಮೇಷ್ಟರು ಬಲಿತು ನಾರಾದ ಬೆಂಡೆಯನ್ನೂ ಬಾಳೆಯ ಎಲೆಯ ದಂಟನ್ನೂ ಮಾತ್ರ ತರಹೇಳಿದರು. ಬಾಳೆಯ ದಂಟನ್ನು ಅಡ್ಡ ಕೊಯ್ದಾಗ ಕಾಣುವ ಅರ್ಧಚಂದ್ರ, ಅದರೊಳಗಿನ ಜೇನುಗೂಡಿನಂಥ ಕೋಣೆಗಳು ಅಂಗಡಿಯ ಯಾವ ಅಚ್ಚಿಗೂ ಕಡಿಮೆಯಾದವಲ್ಲ. 'ಕಸದಿಂದ ರಸ' ಎಂಬ ಹೆಸರಿನಲ್ಲಿ ಮೊಟ್ಟೆಯ ಚಿಪ್ಪಿನ ಹೂದಾನಿಗಳನ್ನೂ ಬೆಂಕಿಕಡ್ಡಿಯ ತಾಜಮಹಲುಗಳನ್ನೂ ಮಾಡಿಸಿ, ಅವು ಮುಖ್ಯೋಪಾಧ್ಯಾಯರ ಕಪಾಟಿನ ಮೇಲೆ ವರ್ಷಗಟ್ಟಲೆ ಧೂಳು ತಿನ್ನುವಂತೆ ಮಾಡುವ ಕಸುಬು ಬೇರೆ. ಅವುಗಳಲ್ಲಿ ಬಹುಪಾಲನ್ನು ಮಾಡುವವರು ಮಕ್ಕಳಲ್ಲ, ಮಕ್ಕಳ ಅಕ್ಕಂದಿರು.

ವಸ್ತು ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ನಲವತ್ತು ನಿಮಿಷಗಳನ್ನು ಹೇಗೆ ಹಂಚಬೇಕು? ಮೊದಲ ಸಲ ಬಣ್ಣದ ನೀರನ್ನು ಹಂಚುವುದರಲ್ಲೇ ಅರ್ಧ ಗಂಟೆ ಕಳೆದು, ಬರೆಯಲು ಕುಂಚವೆತ್ತುವಾಗ ಗಂಟೆ ಬಾರಿಸಿತ್ತು. ಮೇಷ್ಟರು ಮಕ್ಕಳನ್ನು ಆರಾರು ಮಂದಿಯ ಎಂಟು ಗುಂಪುಗಳಾಗಿ ಮಾಡಿದರು. ಉಳಿದ ನಾಲ್ವರು 'ನೀರಿನವರು'. ಬಾವಿಯಿಂದ ಎರಡು ಬಕೆಟ್ ನೀರು ತರುವುದು, ಕರಟಗಳಲ್ಲಿ ಬಣ್ಣ ತುಂಬುವುದು, ಕೊನೆಯಲ್ಲಿ ನೆಲ ಒರಸುವುದು ಅವರ ಕೆಲಸ. ಪ್ರತಿ ವಾರವೂ ಹೊಸ ನಾಲ್ವರು. ಹಂಚಿಕೆಗೆ ಐದು ನಿಮಿಷ, ಮಾತಿಗೆ ಐದು ನಿಮಿಷ, ತೊಳೆಯುವುದಕ್ಕೆ ಹತ್ತು ನಿಮಿಷ. ನಡುವಣ ಇಪ್ಪತ್ತು ನಿಮಿಷ ಮಕ್ಕಳದು. ಆ ಇಪ್ಪತ್ತು ನಿಮಿಷಗಳಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಮೇಷ್ಟರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಬಣ್ಣಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೆಂಪಿಗೆ ಕೆಮ್ಮಣ್ಣು ಬೇಕಾದಷ್ಟಿತ್ತು. ಅದನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ತಂಗಲು ಬಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಚೆಲ್ಲಿದರೆ ಅಡಿಯಲ್ಲಿ ಬೆಣ್ಣೆಯಂಥ ಮಣ್ಣು ಉಳಿಯುತ್ತದೆ. ಹಳದಿಗೆ ಅರಿಸಿನ ಕಲಸಿದರು; ನಾಲ್ಕು ದಿನ ಬಿಸಿಲು ಬಿದ್ದ ಕಿಟಕಿಯ ಬಳಿ ಆ ಹಳದಿ ಮಾಯವಾಯಿತು. ಅರಿಸಿನಕ್ಕೆ ಸುಣ್ಣ ಸೇರಿಸಿದರೆ ಓಕುಳಿಯ ಕೆಂಪಾಗುತ್ತದೆಂಬುದನ್ನು ಕಂಡು ವಿಜ್ಞಾನದ ಉಪಾಧ್ಯಾಯರು ತಮ್ಮ ತರಗತಿಯನ್ನೂ ಕರೆದುತಂದು ತೋರಿಸಿದರು. ಅಂಟಿಗೆ ಗೋಧಿಹಿಟ್ಟಿನ ಗಂಜಿ. ಹುಳು ಬೀಳದಿರಲೆಂದು ಪುಸ್ತಕ ಕಟ್ಟುವವರು ಅದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಬೆರಳು ಚೀಪುವ ಮಕ್ಕಳಿರುವ ಕಡೆ ಸಲ್ಲದು. ಬೇಕಾದಾಗ ಬೇಕಾದಷ್ಟನ್ನೇ ಕಾಸಿಕೊಳ್ಳುವುದು ಒಳ್ಳೆಯದು. ಉಳಿದದ್ದು ಬಿಳಿ ಮತ್ತು ಕುಂಚ. ಸುಣ್ಣ ಕೈ ಸುಡುತ್ತದೆ. ಕೊಂಡ ಕುಂಚ ನಿಯಮಕ್ಕೆ ವಿರುದ್ಧ.

ಈ ಬಿಳಿಯನ್ನು ಹುಡುಕುತ್ತಲೇ ಮೇಷ್ಟರು ಒಂದು ಭಾನುವಾರ ಆ ಹುಡುಗಿಯ ಮನೆಗೆ ಹೋದದ್ದು. ದೀವರ ಹೆಂಗಸರು ಗೋಡೆಗಳ ಮೇಲೆ ಚಿತ್ತಾರ ಬರೆಯುತ್ತಾರೆಂದು ಯಾರೋ ಹೇಳಿದ್ದರು. ನಡುಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ, ಹಿಂದಿನ ಬೇಸಗೆಯಲ್ಲಿ ಮನೆಯ ಮದುವೆಗೆಂದು ಬರೆದ ಹಸೆ ಇನ್ನೂ ಮಾಸದೆ ಇತ್ತು. ನೂಲೆಳೆದಂಥ ಬಿಳಿಯ ಗೆರೆಗಳು. ಗೆರೆಯ ಪಕ್ಕದಲ್ಲಿ ಗೆರೆ, ಅವುಗಳ ನಡುವೆ ಕರಿ, ಅಲ್ಲೊಂದು ಇಲ್ಲೊಂದು ಹಳದಿಯ ಚುಕ್ಕೆ. ಚೌಕದೊಳಗೆ ದಂಡಿಗೆ, ದಂಡಿಗೆಯೊಳಗೆ ಮದುಮಕ್ಕಳು, ಮೇಲೆ ಹಕ್ಕಿಗಳು, ಬದಿಯಲ್ಲಿ ಭತ್ತದ ತೆನೆ. ದಂಡಿಗೆಗೆ ಮರೆಯಿರಲಿಲ್ಲ. ಒಳಗಿದ್ದವರು ಹೊರಗಿದ್ದಂತೆಯೇ ಕಾಣುತ್ತಿದ್ದರು. ಮೇಷ್ಟರು ಬಹಳ ಹೊತ್ತು ಅದರ ಮುಂದೆ ನಿಂತಿದ್ದರು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು.

ಬಿಳಿ ಎಂದರೆ ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆದದ್ದು. ಕರಿ ಎಂದರೆ ಅದೇ ಅಕ್ಕಿಯನ್ನು ಸೀಯುವಷ್ಟು ಹುರಿದು ಅರೆದದ್ದು. ಹಳದಿ ಗುರಿಗೆ ಕಾಯಿಯ ಬೀಜದ್ದು. ಕುಂಚವೆಂದರೆ ಪುಂಡಿಯ ನಾರು. ತುದಿಯನ್ನು ಜಜ್ಜಿ ಎಳೆ ಬಿಡಿಸಿದರೆ ಕೂದಲೆಳೆಯಷ್ಟು ಸಣ್ಣ ಗೆರೆ ಬರುತ್ತದೆ. ಮೇಷ್ಟರು ರಜೆಯೆಲ್ಲ ತಲೆ ಕೆಡಿಸಿಕೊಂಡು ಹುಡುಕಿದ ಬಣ್ಣದ ಪೆಟ್ಟಿಗೆ ಶಾಲೆಯಿಂದ ಎರಡು ಫರ್ಲಾಂಗು ದೂರದ ಅಡುಗೆಮನೆಯಲ್ಲಿ ಹಿಂದಿನಿಂದಲೂ ಇತ್ತು. ಶಾಲೆಗೆ ಬಂದು ಮಕ್ಕಳಿಗೆ ಹಸೆ ಬರೆಯುವುದನ್ನು ತೋರಿಸಬಹುದೇ ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ತಲೆಯಾಡಿಸಲಿಲ್ಲ.

'ಹಸೆ ಮದುವೆ ಮನೇದು ಮೇಷ್ಟ್ರೇ. ಸುಮ್ ಸುಮ್ನೆ ಬರೆಯೂದಲ್ಲ' ಎಂದಳು. ಸ್ವಲ್ಪ ಹೊತ್ತಿನ ಮೇಲೆ, 'ಭೂಮಿ ಹುಣ್ಣಿಮೆ ಬರ್ಲಿ. ಬುಟ್ಟಿ ಬರೆಯೂದು ಬೇಕಾದ್ರೆ ತೋರಿಸ್ತೆ' ಎಂದು ಸೇರಿಸಿದಳು.

ಮಹಾತ್ಮಾ ಗಾಂಧಿಯವರ ಅಪೇಕ್ಷೆಯಂತೆ ನಂದಲಾಲ ಬೋಸರು 1938ರಲ್ಲಿ ಗುಜರಾತಿನ ಹರಿಪುರದ ಕಾಂಗ್ರೆಸ್ ಅಧಿವೇಶನವನ್ನು ಅಲಂಕರಿಸಿದಾಗ, ಕೈಕಾಗದದ ಮೇಲೆ ಮಣ್ಣಿನ ಬಣ್ಣಗಳಲ್ಲಿ ಡೋಲು ಬಾರಿಸುವವನನ್ನೂ ಬಡಗಿಯನ್ನೂ ಕುಂಬಾರನನ್ನೂ ಬರೆದು ಹಾದಿಹೋಕರಿಗೆ ಕಾಣುವಂತೆ ಇರಿಸಿದರು. ಅಂಥ ಹಿರಿಯ ಕಲಾವಿದರು ಹಳ್ಳಿಯಿಂದ ಪಡೆದ ಪಾಠವನ್ನು ಹಳ್ಳಿಯ ಶಾಲೆಯೇ ಪಡೆಯದಿರುವುದು ವಿಚಿತ್ರವೇ ಸರಿ. ಆದರೆ ಅಜ್ಜಿಯ ಮಾತಿನಲ್ಲಿಯೂ ಒಂದು ವಿವೇಕವಿತ್ತು. ಎಲ್ಲವನ್ನೂ ತರಗತಿಯ ಅಭ್ಯಾಸಕ್ಕೆ ಎಳೆದು ತರಲಾಗದು. ಮೇಷ್ಟರು ದಿನಚರಿಯಲ್ಲಿ ಬರೆದಿದ್ದ 'ಹಸೆ' ಎಂಬ ಮಾತನ್ನು ಹೊಡೆದುಹಾಕಿ 'ಬುಟ್ಟಿ' ಎಂದು ಬರೆದುಕೊಂಡರು.

ಆಶ್ವಯುಜದ ಹುಣ್ಣಿಮೆಗೆ ಒಂದು ವಾರವಿರುವಾಗ ಅಜ್ಜಿ ಶಾಲೆಗೆ ಬಂದಳು. ಅಂದು ಗಣಿತದ ಉಪಾಧ್ಯಾಯರು ತಾವಾಗಿಯೇ ತಮ್ಮ ಗಂಟೆಯನ್ನು ಬಿಟ್ಟುಕೊಟ್ಟರು. ಆ ಶಾಲೆಯ ಚರಿತ್ರೆಯಲ್ಲಿ ಕಡ ತೀರಿದ್ದು ಅದೇ ಮೊದಲು. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸಿದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅಜ್ಜಿ ಜಗುಲಿಯ ಮೇಲೆ ಕುಳಿತಳು. ಭೂಮಿತಾಯಿ ಬಸುರಿಯೆಂದು ಬಗೆದು, ಆ ದಿನ ಗದ್ದೆಗೆ ಬಯಕೆಯ ಊಟವನ್ನು ಹೊತ್ತೊಯ್ಯುವ ಬುಟ್ಟಿ ಅದು. ಅವಳು ಏನನ್ನೂ ವಿವರಿಸಲಿಲ್ಲ. ಹೀಗೆ ಹಿಡಿ, ಹಾಗೆ ಎಳೆ ಎನ್ನಲಿಲ್ಲ. ಅಕ್ಕಿಯ ಹಿಟ್ಟಿನಲ್ಲಿ ನಾರನ್ನು ಅದ್ದಿ ಎಳೆಯುತ್ತ ಹೋದಳು. ಒದ್ದೆಯಿದ್ದಾಗ ಗೆರೆ ಕಾಣುವುದೇ ಇಲ್ಲ. ಆರಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ತಾಳ್ಮೆಗೆಟ್ಟು ಮೇಲೆ ಮೇಲೆ ಬಳಿದವರ ಗೆರೆಗಳು ದಪ್ಪವಾಗಿ, ಬಿರಿದು, ಉದುರಿದವು. ಐವತ್ತೆರಡು ಮಕ್ಕಳಿಗೆ ಬುಟ್ಟಿಗಳೆಲ್ಲಿಂದ ಬರಬೇಕು? ಅವರು ಬರೆದದ್ದು ಅಡಿಕೆಯ ಹಾಳೆಗಳ ಮೇಲೆ. ತೋಟದಲ್ಲಿ ಉದುರಿ ಬಿದ್ದ ಹಾಳೆಗಳನ್ನು ಆರಿಸಿ, ನೆನೆಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಕೆಮ್ಮಣ್ಣು ಬಳಿದು ಮೊದಲೇ ಸಿದ್ಧಪಡಿಸಿದ್ದರು. ಹಾಳೆಯ ನುಣುಪು ಮೈಗೆ ಮಣ್ಣು ಹಿಡಿಯದೆಂದು ಹಿಂದಿನ ವಾರವಷ್ಟೇ ತಿಳಿದಿತ್ತು. ಮಣ್ಣಿಗೆ ಸ್ವಲ್ಪ ಗಂಜಿ ಸೇರಿಸಿದಾಗ ಹಿಡಿಯಿತು. ಮೇಷ್ಟರು ಪ್ರತಿಯೊಂದು ಕೆಲಸವನ್ನೂ ಹಿಂದಿನ ದಿನ ತಾವೇ ಮಾಡಿ ನೋಡುವ ಅಭ್ಯಾಸ ಇಟ್ಟುಕೊಂಡಿದ್ದರಿಂದ ಇಂಥ ಅವಮಾನಗಳು ಹೆಚ್ಚಾಗಿ ಮನೆಯಲ್ಲಿಯೇ ಮುಗಿದುಹೋಗುತ್ತಿದ್ದವು.

ಆ ಹುಡುಗಿ ಅಜ್ಜಿಯ ಎದುರಿಗೇ ಕುಳಿತಿದ್ದಳು. ಅಂದು ಅವಳು ಬರೆದದ್ದು ಅಜ್ಜಿಯಂಥ ಗೆರೆಗಳನ್ನೇ. ಅದರ ಮುಂದಿನ ವಾರವೂ ಹಾಗೆಯೇ. ನವೆಂಬರ್ ತಿಂಗಳಲ್ಲಿ ಒಂದು ಗುರುವಾರ, ಉಳಿದ ಹಾಳೆಗಳ ಮೇಲೆ ಇಷ್ಟ ಬಂದದ್ದನ್ನು ಬರೆಯಿರೆಂದಾಗ, ಅವಳು ಮೊದಲು ಒಂದು ಬಾಗಿಲನ್ನು ಬರೆದಳು. ಎರಡು ಕಿಟಕಿಗಳನ್ನು ಬರೆದಳು. ಮೇಷ್ಟರು ಸಾಲುಗಳ ನಡುವೆ ನಡೆಯುತ್ತಿದ್ದವರು ಅವಳ ಹಿಂದೆ ಬಂದು ನಿಂತು, ಮತ್ತೆ ಮುಂದೆ ಹೋದರು. ಇನ್ನೊಂದು ಸುತ್ತು ಬರುವ ಹೊತ್ತಿಗೆ ಬಾಗಿಲಿನ ಪಕ್ಕದ ಗೋಡೆಯಲ್ಲಿ ಒಂದು ಒಲೆ ಇತ್ತು. ಹುಡುಗಿ ತಲೆಯೆತ್ತಿ ಅವರ ಮುಖವನ್ನು ನೋಡಿದಳು. ಮೇಷ್ಟರು ತಮ್ಮ ಎರಡು ಕೈಗಳನ್ನೂ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ಕಿಟಕಿಯ ಕಡೆಗೆ ತಿರುಗಿದರು. ಗಂಟೆ ಬಾರಿಸುವವರೆಗೆ ಆ ಸಾಲಿನ ಕಡೆಗೆ ಬರಲಿಲ್ಲ. ಹಾಳೆಗಳನ್ನು ಒಟ್ಟುಗೂಡಿಸುವಾ‌ಗ ನೋಡಿದರೆ ಒಲೆಯ ಮುಂದೆ ಯಾರೋ ಕುಳಿತಿದ್ದರು. ಕೊಟ್ಟಿಗೆ ಮಾತ್ರ ಖಾಲಿಯಾಗಿತ್ತು.

ಮಾರ್ಚ್ ತಿಂಗಳ ಕೊನೆಯಲ್ಲಿ ಶಾಲೆಯ ಜಗುಲಿಯಲ್ಲಿ ಚಿತ್ರಗಳನ್ನು ಹರಡಿ ಊರಿನವರನ್ನು ಕರೆದರು. ಪ್ರತಿ ಮಗುವೂ ತನ್ನ ಒಂದು ಚಿತ್ರವನ್ನು ತಾನೇ ಆರಿಸಿತ್ತು, ಯಾರದೂ ಬಿಟ್ಟುಹೋಗಿರಲಿಲ್ಲ. ಬಹುಮಾನಗಳಿರಲಿಲ್ಲ. ಅದಕ್ಕಾಗಿ ಇಬ್ಬರು ತಂದೆಯರು ಮುನಿಸಿಕೊಂಡರು. ಜಗುಲಿಯ ನೆಲಕ್ಕೆ ಹಿಡಿದ ಕೆಮ್ಮಣ್ಣಿನ ಕಲೆ ಹೋಗಲಿಲ್ಲವೆಂದು ಮುಖ್ಯೋಪಾಧ್ಯಾಯರು ಗೊಣಗಿದರು. ಅವರು ಗೊಣಗಿದ್ದರಲ್ಲಿ ತಪ್ಪಿಲ್ಲ, ಕಲೆ ಹೋಗಿರಲಿಲ್ಲ. ತೂಬಿನ ಬಳಿಯ ಹುಡುಗ ಯಾವ ಕಾಗದವನ್ನೂ ಹಾಳೆಯನ್ನೂ ತಂದಿರಲಿಲ್ಲ. ಶಾಲೆಯ ಹಿಂದಿನ ಕಲ್ಲುಗೋಡೆಯ ಬಳಿಗೆ ಎಲ್ಲರನ್ನೂ ಕರೆದುಕೊಂಡು ಹೋದ. ಗೋಡೆಯ ಉದ್ದಕ್ಕೂ, ಕೆಮ್ಮಣ್ಣು ಮತ್ತು ಇದ್ದಿಲಿನಲ್ಲಿ, ಎಮ್ಮೆಗಳು ಕೆರೆಗೆ ಇಳಿಯುತ್ತಿದ್ದವು. ಹನ್ನೆರಡು ಎಮ್ಮೆಗಳು; ಕೊನೆಯದರ ಮೇಲೆ ಒಂದು ಬೆಳ್ಳಕ್ಕಿ.

ಜೂನ್ ತಿಂಗಳಲ್ಲಿ ಶಾಲೆ ಮತ್ತೆ ತೆರೆಯಿತು. ನಾಲ್ಕು ದಿನ ಮೊದಲೇ ಮಳೆ ಹಿಡಿದಿತ್ತು. ಮೇಷ್ಟರು ಕೊಡೆ ಮಡಚಿ, ಕೊಠಡಿಯ ಬೀಗ ತೆಗೆಯುವ ಮೊದಲು ಕಟ್ಟಡದ ಹಿಂದಕ್ಕೆ ಹೋಗಿ ನೋಡಿದರು. ಗೋಡೆಯ ಮೇಲಿಂದ ಕೆಂಪು ನೀರು ಗೆರೆಗೆರೆಯಾಗಿ ಇಳಿದು ಚರಂಡಿಗೆ ಸೇರುತ್ತಿತ್ತು. ಎಮ್ಮೆಗಳಲ್ಲಿ ಎರಡರ ಕೊಂಬುಗಳು ಮಾತ್ರ ಮಸಕಾಗಿ ಉಳಿದಿದ್ದವು. ಸೂರಿನ ಅಡಿಯಲ್ಲಿ, ನೆನೆಯದ ಒಂದು ಮೊಳ ಜಾಗದಲ್ಲಿ, ಕಂಬಳಿ ಕೊಪ್ಪೆ ಹೊದ್ದ ಹುಡುಗನೊಬ್ಬ ಕರಟವೊಂದನ್ನು ಹಿಡಿದುಕೊಂಡು ನಿಂತಿದ್ದ. 'ಈ ಸಲ ಗಂಜಿ ಹಾಕಿ ಕಲಸಿದೀನಿ ಸಾರ್' ಎಂದ.